ಹುಲಿಗಳ ಶಿಸ್ತನ್ನು ಹೊಗಳುವವರಿಗೆ

ಓಎಂಆರ್ ಕಚೇರಿಗಳಲ್ಲಿ ಊಟದ ಹೊತ್ತಿಗೆ ಎಲ್‌ಟಿಟಿಇ ಮಾತು ಬಂದರೆ ತಮಿಳರಿಗಿಂತ ಮೊದಲು ನಮ್ಮ ಕನ್ನಡದ ಹುಡುಗರೇ ಶುರುಮಾಡುತ್ತಾರೆ: "ಕೊಂದಿದ್ದು ತಪ್ಪು, ಆದ್ರೆ ಎಂಥಾ ಆರ್ಗನೈಸೇಶನ್ ಸಾರ್! ಸ್ವಂತ ನೌಕಾಪಡೆ, ಸ್ವಂತ ವಿಮಾನ, ಏನು ಡಿಸಿಪ್ಲಿನ್!" ಪ್ರಾಜೆಕ್ಟ್ ನಡೆಸುವುದು ನನ್ನ ಹೊಟ್ಟೆಪಾಡು. ಆ ಕಸುಬಿನವನಾಗಿಯೇ ಹೇಳುತ್ತೇನೆ, ಈ ಹೊಗಳಿಕೆಯಲ್ಲಿ ಹುರುಳಿಲ್ಲ.

1983ರ ಜುಲೈನಲ್ಲಿ ಕೊಲಂಬೊದ ತಮಿಳರ ಮನೆ, ಅಂಗಡಿಗಳನ್ನು ಸುಟ್ಟದ್ದು ನಿಜ. ಆ ನೋವನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ನೋವಿನ ಹೆಸರಿನಲ್ಲಿ ಬೆಳೆದ ಗುಪ್ತ ಸಂಘಟನೆ ಯಾರಿಗೆ ಲೆಕ್ಕ ಒಪ್ಪಿಸುತ್ತಿತ್ತು?

ಚೆನ್ನೈಯ ಬೀದಿಗಳನ್ನೇ ನೋಡಿ. ನಾವು ಹಬ್ಬಕ್ಕೆ ಬಟ್ಟೆ ಕೊಳ್ಳುವ ಪಾಂಡಿ ಬಜಾರಿನಲ್ಲಿ 1982ರ ಮೇ 19ರಂದು ಪ್ರಭಾಕರನ್ ಗುಂಡಿನ ಕಾಳಗಕ್ಕಿಳಿದದ್ದು ಸಿಂಹಳ ಸೈನಿಕರ ಜೊತೆಗಲ್ಲ, ತನ್ನ ಹಳೆಯ ಸಂಗಾತಿ ಉಮಾ ಮಹೇಶ್ವರನ್ ಜೊತೆಗೆ. 1990ರ ಜೂನ್ 19ರಂದು ಕೋಡಂಬಾಕ್ಕಂನಲ್ಲಿ ಹುಲಿಗಳು ಕೊಂದದ್ದು ಇಪಿಆರ್‌ಎಲ್‌ಎಫ್ ನಾಯಕ ಪದ್ಮನಾಭ ಮತ್ತು ಆತನ ಸಂಗಡಿಗರನ್ನು. ಅವರೂ ಈಳಂ ತಮಿಳರೇ. ಸಂಘಟನೆಯ ಉಪನಾಯಕ ಮಹತ್ತಯನನ್ನೂ ದ್ರೋಹಿಯೆಂದು 1994ರಲ್ಲಿ ಮುಗಿಸಿದರು. ಪ್ರಶ್ನೆ ಕೇಳಿದವನು ಬದುಕದ ಕಡೆ ಇರುವುದು ಭಯ. ಅದಕ್ಕೆ ಶಿಸ್ತು ಎಂಬ ಹೆಸರು ಏಕೆ?

ಇನ್ನು ಆ ಪ್ರಸಿದ್ಧ ಗೌಪ್ಯತೆ. ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಾಗಬಾರದು, ಸಿಕ್ಕಿಬಿದ್ದರೆ ಕೊರಳಲ್ಲಿ ಸೈನೈಡ್. ಹೊರಗಿನಿಂದ ಚುರುಕಾಗಿ ಕಾಣುತ್ತದೆ. ಅದರ ಬೆಲೆ ತೆತ್ತವರು ಯಾರು? 1991ರ ಮೇ 21ರಂದು ಶ್ರೀಪೆರುಂಬುದೂರಿಗೆ ಫೋಟೋ ತೆಗೆಯಲು ಹೋದ ಚೆನ್ನೈಯ ಹುಡುಗ ಹರಿಬಾಬು ರಾಜೀವ್ ಗಾಂಧಿಯವರ ಜೊತೆಗೇ ಸತ್ತ, ಅವನ ಕ್ಯಾಮೆರಾ ಮಾತ್ರ ಉಳಿಯಿತು. ಎರಡು ಬ್ಯಾಟರಿ ತಂದುಕೊಟ್ಟ ಆರೋಪದಲ್ಲಿ 19ನೇ ವಯಸ್ಸಿಗೆ ಒಳಗೆ ಹೋದ ಪೇರರಿವಾಳನ್‌ಗೆ ಬಿಡುಗಡೆಯ ಆದೇಶ ಬಂದದ್ದು 2022ರಲ್ಲಿ. ಬ್ಯಾಟರಿ ಯಾಕೆಂದು ತನಗೆ ಗೊತ್ತಿರಲಿಲ್ಲ ಎಂಬ ಅವನ ಮಾತನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲವೆಂದು ಅದನ್ನು ದಾಖಲಿಸಿದ ಅಧಿಕಾರಿಯೇ 2013ರಲ್ಲಿ ಒಪ್ಪಿದರು. ಸಂಚಿನ ಮುಖ್ಯಸ್ಥ ಶಿವರಾಸನ್ ನಮ್ಮ ಬೆಂಗಳೂರಿನ ಕೋಣನಕುಂಟೆಯವರೆಗೂ ಓಡಿಬಂದ. ಅದೇ ಆಗಸ್ಟ್ 20ರಂದು ಆ ಮನೆಯಲ್ಲಿ ಸಿಕ್ಕಿದ್ದು ಏಳು ಹೆಣ.

ಕೊನೆಗೆ 2009ರ ಮುಳ್ಳಿವಾಯ್ಕಾಲ್. ಸೇನೆ ಜನರ ಮೇಲೆ ಶೆಲ್ ಸುರಿಸಿತು. ತಪ್ಪಿಸಿಕೊಂಡು ಹೊರಟ ಜನರ ಮೇಲೆ ಹುಲಿಗಳೂ ಗುಂಡು ಹಾರಿಸಿದರು. 2011ರ ವಿಶ್ವಸಂಸ್ಥೆಯ ತಜ್ಞರ ವರದಿ ಎರಡೂ ಕಡೆಯವರ ಮೇಲೆ ಆರೋಪ ಹೊರಿಸಿದೆ. ಯಾರಿಗಾಗಿ ಹೋರಾಟವೋ ಅವರನ್ನೇ ಗುರಾಣಿ ಮಾಡಿಕೊಂಡ ಸಂಘಟನೆಯಿಂದ ನಾವು ಯಾವ ಮ್ಯಾನೇಜ್‌ಮೆಂಟ್ ಪಾಠ ಕಲಿಯಬೇಕು, ಹೇಳಿ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. "ತಮಿಳರೇ ಹಾಗೆ" ಎನ್ನುವ ಕನ್ನಡಿಗರೂ ನಮ್ಮಲ್ಲಿದ್ದಾರೆ. ಹುಲಿಗಳ ಗುಂಡಿಗೆ ಬಿದ್ದ ತಮಿಳರನ್ನು ಇವರು ಎಣಿಸಿಯೇ ಇಲ್ಲ. ತಾವೇ ತಮಿಳರೆಂದು ಹುಲಿಗಳು ಹೇಳಿಕೊಂಡರು, ಇವರು ಅದನ್ನೇ ನಂಬಿ ಕೂತಿದ್ದಾರೆ.

ಈಳಂ ತಮಿಳರ ಮೇಲೆ ನಿಜವಾದ ಕಾಳಜಿಯಿದ್ದರೆ ಗುಮ್ಮಿಡಿಪೂಂಡಿಯ ನಿರಾಶ್ರಿತರ ಶಿಬಿರದ ಬಗ್ಗೆ ಮಾತಾಡಿ. ಅಂಥ ಶಿಬಿರಗಳಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದಾರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ. ಆ ಮಕ್ಕಳ ಪರ ಎತ್ತುವ ದನಿಗೆ ಗುಪ್ತ ಹೆಸರೂ ಬೇಡ, ಸೈನೈಡೂ ಬೇಡ.