ರೇಡಿಯೊ ಗುರುತಿನಲ್ಲಿ ಗಡಿ ಕನ್ನಡವೂ ಕೇಳಲಿ

ರೇಡಿಯೊ ಹಚ್ಚಿದ ಕೂಡಲೇ ಇದು ಯಾವ ಕೇಂದ್ರವೆಂದು ತಿಳಿಸುವುದು ನಾಲ್ಕು ಮಾತು, ಒಂದು ಚೂರು ಸಂಗೀತ. ಆಕಾಶವಾಣಿಯ ಬೆಳಗಿನ ಸಿಗ್ನೇಚರ್ ಟ್ಯೂನ್ ಕೇಳಿ ಎದ್ದ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಸಗಿ ಎಫ್‌ಎಂಗಳು ಬಂದ ಮೇಲೆ ಜಿಂಗಲ್, ಪ್ರೋಮೊ ಎಂದು ಇದೇ ಒಂದು ಕಸುಬಾಯಿತು. 'ಆಡಿಯೊ ಇಮೇಜಿಂಗ್' ಎಂಬ ಹೆಸರೂ ಬಂತು. ಐದಾರು ಸೆಕೆಂಡಿನ ಈ ತುಣುಕು ಕೇಂದ್ರದ ಹೆಸರನ್ನಷ್ಟೇ ಹೇಳುವುದಿಲ್ಲ, ಈ ರೇಡಿಯೊ ಯಾರದು ಎಂಬುದನ್ನೂ ಹೇಳುತ್ತದೆ. ಗಡಿಭಾಗದ ಕನ್ನಡಿಗರು ಯೋಚಿಸಬೇಕಾದ ಮಾತು ಇಲ್ಲೇ ಇದೆ.

ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೊ' 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಶುರು ಮಾಡಿತು. ಸ್ವಯಂಸೇವಾ ಸಂಸ್ಥೆಯೊಂದು ದೇಶದಲ್ಲಿ ಆರಂಭಿಸಿದ ಮೊದಲ ಸಮುದಾಯ ರೇಡಿಯೊ ಇದು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಬರೆದವರೂ ಅವರೇ. ಕೇಂದ್ರದ ಬೆನ್ನಿಗೆ ನಿಂತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿ ದುಡಿದವರು. 2023ರಲ್ಲಿ ಅವರು ತೀರಿಕೊಂಡರು.

ಮೈಕಿನ ಮುಂದೆ ಕೂತವರು ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳು. ಪರವಾನಗಿ ಸಿಗುವ ಮೊದಲು ಹತ್ತು ವರ್ಷ ಕಾಲ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ ಸಂಘದ ಸಭೆಗಳಲ್ಲಿ ಕೇಳಿಸಿದವರು. ಬೀಜ, ಜೋಳ, ಸಜ್ಜೆ, ಮನೆಮದ್ದು, ಹಂತಿಯ ಹಾಡು ಎಲ್ಲವನ್ನೂ ತಮ್ಮೂರಿನ ತೆಲುಗಿನಲ್ಲೇ ಹೇಳಿದರು. ಪುಸ್ತಕದ ಭಾಷೆಗೆ ಕಾಯಲಿಲ್ಲ. ಕೇಂದ್ರದ ಗುರುತು ಹುಟ್ಟಿದ್ದು ಆ ಮಾತಿನಿಂದ.

ಆದರೆ ಈ ನಾಡಿನ ಮಾತು ಒಂದೇ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿಯ ಗೆರೆ ಬಿತ್ತು. ಮನೆಯ ಮಾತು, ಬೀಗತನ ಅಲ್ಲೇ ಉಳಿದವು. ಸಮುದಾಯ ರೇಡಿಯೊಗಳ 2006ರ ಮಾರ್ಗಸೂಚಿ ಕಾರ್ಯಕ್ರಮಗಳು ಆದಷ್ಟೂ ಸ್ಥಳೀಯ ಭಾಷೆ, ಉಪಭಾಷೆಗಳಲ್ಲಿ ಇರಬೇಕೆಂದು ಹೇಳಿತು. ಕನ್ನಡ ಆಡುವ ಮನೆಗಳಿರುವ ಗಡಿ ಊರಲ್ಲಿ ಕನ್ನಡವೂ ಸ್ಥಳೀಯ ಭಾಷೆಯೇ. ಅದನ್ನು ಕೇಳುವುದು ತೆಲುಗಿಗೆ ಎದುರು ನಿಂತಂತಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಸಾರಂಗ್ ಕೇಂದ್ರ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಒಂದೇ ಕಂಬದಿಂದ ಕೇಳಿಸಿದೆ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ದೊಡ್ಡ ಖರ್ಚೂ ಬೇಕಿಲ್ಲ. ಗುರುತಿನ ತುಣುಕಿಗೆ ಒಂದು ದನಿ, ಊರಿನ ಒಂದು ಸದ್ದು, ಕೇಂದ್ರದ ಹೆಸರು ಸಾಕು. ಬೀಸುಕಲ್ಲಿನ ಸದ್ದೋ ಸಂತೆಯ ಗದ್ದಲವೋ ಒಂದೆರಡು ಸೆಕೆಂಡು ಕೇಳಿಸಿ ತಗ್ಗಬೇಕು, ಅದರ ಮೇಲೆ ಮಾತು ಬರಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಬೇಕು. ಒಂದೇ ಉಸಿರಿಗೆ ಮುಗಿಯದಿದ್ದರೆ ಕತ್ತರಿಸಬೇಕು. 'ತಾವು ಆಲಿಸುತ್ತಿರುವಿರಿ' ಎಂದು ಬರೆದರೆ ಗಡಿಯ ಮುದುಕಿಗೆ ಅದು ಕಚೇರಿಯ ನೋಟಿಸಿನಂತೆ ಕೇಳೀತು. 'ನಮ್ಮೂರ ರೇಡಿಯೊ ಅದ, ಕೇಳ್ರಿ' ಅಂದರೆ ತಿರುಗಿ ನೋಡುತ್ತಾಳೆ. ಅದೇ ಮಾತು ಹಿಂದೆಯೇ ತೆಲುಗಿನಲ್ಲೂ ಬರಲಿ. ಬಟ್ಟೆ, ಕೌದಿ ತೂಗುಹಾಕಿದ ಕೋಣೆಯಲ್ಲಿ ಕೂತರೆ ಮೊಬೈಲಿನಲ್ಲೇ ರೆಕಾರ್ಡ್ ಆಗುತ್ತದೆ, ಕಂಪ್ಯೂಟರಿನಲ್ಲಿ ಜೋಡಿಸಲು ಪುಕ್ಕಟೆ ತಂತ್ರಾಂಶಗಳಿವೆ.

ಸಮುದಾಯ ರೇಡಿಯೊ ಅಲೆಗಳಿಗೆ ದೂರದ ಮಿತಿ ಇದೆ. ಮಾಚನೂರಿನ ಪ್ರಸಾರ ಸುತ್ತಲೂ ಸುಮಾರು 25 ಕಿಲೋಮೀಟರ್ ದೂರ ತಲುಪುತ್ತದೆ. ನಾರಾಯಣಖೇಡ, ತಾಂಡೂರು ಅದರಾಚೆ ಉಳಿಯುತ್ತವೆ. ಅತ್ತ 1966ರಿಂದ ಇರುವ ಕಲಬುರಗಿ ಆಕಾಶವಾಣಿ ಈ ಊರುಗಳನ್ನೂ ತನ್ನ ಕೇಳುಗರೆಂದು ಎಣಿಸಲಿ. 'ತಾಂಡೂರು, ಜಹೀರಾಬಾದ್, ನಾರಾಯಣಖೇಡದ ಕೇಳುಗರಿಗೆ ನಮಸ್ಕಾರ' ಎಂದು ಒಂದು ಸಾಲು ಸೇರಿಸಲು ಯಾವ ಹೊಸ ಯಂತ್ರ ಬೇಕು?

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಚಟುವಟಿಕೆಗಳಿಗೆ ನೆರವು ಕೊಡುತ್ತದೆ. ಒಂದು ದಿನದ ಸಮಾರಂಭ, ಶಾಲು, ಹಾರಕ್ಕೆ ಹೋಗುವ ಹಣದಲ್ಲಿ ಸ್ವಲ್ಪ ಉಳಿಸಿ ಹತ್ತು ಹುಡುಗ ಹುಡುಗಿಯರಿಗೆ ಬರೆಯುವುದು, ರೆಕಾರ್ಡ್ ಮಾಡುವುದು ಕಲಿಸಲಿ. ಊರಿನ ಕನ್ನಡ ಸಂಘಗಳು ತುಣುಕು ಸಿದ್ಧಮಾಡಿ, ರೇಡಿಯೊ ಕೇಂದ್ರಗಳ ಬಾಗಿಲಿಗೆ ಒಯ್ದು ಕೊಡಲಿ. ಕೇಂದ್ರಗಳವರೂ ಕೇಳಿ ನೋಡಲಿ.

ತೆಲುಗು ಶಾಲೆಗೆ ಹೋಗುವ ಗಡಿಯ ಮಗುವಿಗೆ ಕನ್ನಡವೆಂದರೆ ಅಜ್ಜಿ ಅಡುಗೆಮನೆಯಲ್ಲಿ ಆಡುವ ಮಾತು ಎಂಬಂತಾಗಿದೆ. ಅದೇ ಮಾತು ರೇಡಿಯೊದಲ್ಲಿ ದಿನಾ ಒಂದು ಸಾಲು ಕೇಳಿಸಿದರೆ, ಅದನ್ನು ಬೀದಿಯಲ್ಲಿ ಆಡಲು ಆ ಮಗು ನಾಚುವುದಿಲ್ಲ. ಈ ಕೆಲಸಕ್ಕೆ ಇನ್ನೊಂದು ನವೆಂಬರ್ ಬರಲೆಂದು ಕಾಯುವುದು ಬೇಡ.