ಚಿತ್ರಕ್ಕೆ ಸಿಗದ ಚಿತ್ತ

ಮನೆಯವರೊಬ್ಬರಿಗೆ ಇದ್ದಕ್ಕಿದ್ದಂತೆ ಇಲ್ಲದ ದನಿಗಳು ಕೇಳತೊಡಗಿದರೆ, ನೆರೆಹೊರೆಯವರೆಲ್ಲ ತಮ್ಮ ಮೇಲೆ ಸಂಚು ಹೂಡಿದ್ದಾರೆಂಬ ಭೀತಿ ಆವರಿಸಿದರೆ, ಬಂಧುಗಳ ಮನಸ್ಸು ಮೊದಲು ಹಂಬಲಿಸುವುದು ಒಂದು ಚಿತ್ರಕ್ಕಾಗಿ. ಮುರಿದ ಮೂಳೆಯನ್ನು ಕ್ಷ-ಕಿರಣ ತೋರಿಸುವುದಿಲ್ಲವೆ? ಹಾಗೆಯೇ ಮಿದುಳಿನ ಚಿತ್ರ ತೆಗೆದು, ರೋಗ ಇಲ್ಲಿದೆಯೆಂದು ವೈದ್ಯರು ಬೆರಳಿಟ್ಟು ತೋರಿಸಬಾರದೆ?

ಈ ಆಸೆ ವೈದ್ಯರಿಗೂ ಇತ್ತು. ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಪದರ ಪದರವಾಗಿ ತೋರಿಸಿತು. 1976ರಲ್ಲಿ ಅದೇ ನಗರದ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಸಂಗಡಿಗರು, ಬಹುಕಾಲ ಸ್ಕಿಜೋಫ್ರೇನಿಯಾದಿಂದ ನರಳಿದವರ ಮಿದುಳಿನ ಕುಹರಗಳು ಸರಾಸರಿಯಲ್ಲಿ ಹಿಗ್ಗಿರುವುದನ್ನು ಪ್ರಕಟಿಸಿದರು. ತೊಡಕಿರುವುದು ಆ ‘ಸರಾಸರಿ’ಯಲ್ಲಿಯೇ. ಎಷ್ಟೋ ರೋಗಿಗಳ ಕುಹರಗಳು ಸಾಮಾನ್ಯ ಗಾತ್ರದವು. ಆರೋಗ್ಯವಂತರಲ್ಲಿಯೂ ದೊಡ್ಡವು ಉಂಟು. ಗುಂಪಿಗೆ ಸಲ್ಲುವ ಮಾತು ಎದುರಿಗೆ ಕುಳಿತ ಒಬ್ಬ ರೋಗಿಗೆ ತೀರ್ಪಾಗಲಾರದು.

ಹಾಗೆಂದು ಚಿತ್ರ ವ್ಯರ್ಥವಲ್ಲ. ಚಿತ್ತವಿಕಲತೆಯ ವೇಷದಲ್ಲಿ ಬರುವ ಗೆಡ್ಡೆ, ರಕ್ತಸ್ರಾವ ಮೊದಲಾದವನ್ನು ಅದು ಹಿಡಿದುಕೊಡಬಲ್ಲದು. ಮೂರ್ಛೆ, ಕೈಕಾಲಿನ ನಿಶ್ಶಕ್ತಿ, ತಲೆಗೆ ಬಿದ್ದ ಪೆಟ್ಟು, ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ತೋರಿದ ಭ್ರಮೆ, ಇವುಗಳಿದ್ದಲ್ಲಿ ಚಿತ್ರ ತೆಗೆಸುವುದೇ ವಿವೇಕ. ಆದರೆ ಮೊದಲ ಸಲ ಚಿತ್ತವಿಕಲತೆಗೆ ಗುರಿಯಾದ ಪ್ರತಿಯೊಬ್ಬರಿಗೂ ವಾಡಿಕೆಯಾಗಿ ಇದನ್ನು ಮಾಡಿಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಒಪ್ಪಲಿಲ್ಲ. ರೋಗನಿರ್ಣಯವು ಇಂದಿಗೂ ರೋಗಿಯ ಮಾತು, ಮನೆಯವರು ಹೇಳುವ ವೃತ್ತಾಂತ ಮತ್ತು ವೈದ್ಯರ ತಾಳ್ಮೆಯನ್ನೇ ನೆಚ್ಚಿದೆ. ಯಂತ್ರದ ಬೆಡಗಿನ ಮುಂದೆ ಈ ಮೂರೂ ಬಡವಾಗಿ ಕಾಣುವುದು ನಮ್ಮ ಕಾಲದ ಗುಣವಿರಬೇಕು!

ಚಿತ್ರದಲ್ಲಿ ದೋಷ ಕಾಣದಿದ್ದರೆ ರೋಗವೇ ಇಲ್ಲವೆಂದು ನಿಶ್ಚಿಂತರಾಗುವುದೂ ಅಪಾಯವೇ. 2009ರಲ್ಲಿ ನ್ಯೂಯಾರ್ಕಿನ ಪತ್ರಕರ್ತೆ, 24 ವರ್ಷದ ಸುಸಾನಾ ಕ್ಯಾಹಲನ್ ಭ್ರಮೆ ಮತ್ತು ಸೆಳವುಗಳಿಂದ ಆಸ್ಪತ್ರೆ ಸೇರಿದರು. ಎಂ.ಆರ್.ಐ. ಚಿತ್ರದಲ್ಲಿ ಎಲ್ಲವೂ ಸರಿಯಾಗಿತ್ತು. ಮನೋರೋಗವೇ ಇರಬೇಕೆಂಬ ಊಹೆ ಬಲಿಯುತ್ತಿದ್ದಾಗ ಡಾ. ಸುಹೇಲ್ ನಜ್ಜಾರ್ ಆಕೆಯ ಕೈಗೆ ಲೇಖನಿ ಕೊಟ್ಟು, ಗಡಿಯಾರ ಬರೆಯಲು ಹೇಳಿದರು. ಆಕೆ ಹನ್ನೆರಡು ಅಂಕೆಗಳನ್ನೂ ಬಲಗಡೆಗೇ ಒತ್ತಿ ಬರೆದರು. ಎಡಭಾಗ ಬರಿದಾಗಿ ಉಳಿಯಿತು. ಮಿದುಳಿನ ಬಲಭಾಗದಲ್ಲಿ ಉರಿಯೂತವಿದೆಯೆಂದು ವೈದ್ಯರು ತರ್ಕಿಸಿದರು. ಮುಂದಿನ ಪರೀಕ್ಷೆಗಳು ಅದನ್ನು ದೃಢಪಡಿಸಿದವು: ದೇಹದ ಪ್ರತಿಕಾಯಗಳೇ ಮಿದುಳಿನ ಮೇಲೆ ತಿರುಗಿಬೀಳುವ, 2007ರಲ್ಲಷ್ಟೇ ಜೋಸೆಪ್ ದಲ್ಮಾವ್ ಮತ್ತು ಸಹೋದ್ಯೋಗಿಗಳು ವಿವರಿಸಿದ್ದ ರೋಗವದು. ಚಿಕಿತ್ಸೆ ಫಲಿಸಿತು. ಆಕೆ ಮತ್ತೆ ಪತ್ರಿಕೆಯ ಕೆಲಸಕ್ಕೆ ಮರಳಿ, 2012ರಲ್ಲಿ ಆ ದಿನಗಳ ಕಥೆಯನ್ನು ತಾವೇ ಪುಸ್ತಕವಾಗಿ ಹೊರತಂದರು.