ಹಳ್ಳದ ದಂಡೆಯ ಮಿಡಿಮರ ಒಂದೇ ಇದೆ

(ಏಳನೇ ತರಗತಿಯ ವಿದ್ಯಾರ್ಥಿನಿ)



ಹೋದ ವರ್ಷ ಅಪ್ಪ ಪೇಟೆಯಿಂದ ಆಪಲ್ ತಂದಿದ್ದರು. ಅದರಲ್ಲಿ ಐದು ಬೀಜ ಸಿಕ್ಕಿದವು. ತೆಂಗಿನ ಕರಟದಲ್ಲಿ ಮಣ್ಣು ತುಂಬಿ ನೆಟ್ಟೆ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೋಗಿ ನೋಡುತ್ತಿದ್ದೆ. ಒಂದೂ ಹುಟ್ಟಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿದಾಗ ತರಗತಿಯಲ್ಲಿ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಸೇಬಿನ ಬೀಜ ಮೊಳೆಯುವ ಮೊದಲು ಎರಡು ಮೂರು ತಿಂಗಳು ಒದ್ದೆ ಚಳಿಯಲ್ಲಿ ಇರಬೇಕಂತೆ. ಮರ ಸರಿಯಾಗಿ ಹೂ ಬಿಡಬೇಕಾದರೂ ಚಳಿ ಬೇಕು. ಕಡಿಮೆ ಚಳಿ ಸಾಕು ಅನ್ನುವ ಕೆಲವು ತಳಿಗಳೂ ಇವೆ. ಆದರೆ ಮೇಷ್ಟ್ರು ಹೇಳಿದ ಇನ್ನೊಂದು ಮಾತು ನನಗೆ ಆಶ್ಚರ್ಯವಾಯಿತು. ಬೀಜ ಹುಟ್ಟಿದ್ದರೂ ನಾನು ತಿಂದ ಹಣ್ಣೇ ಅದರಲ್ಲಿ ಬರುತ್ತಿರಲಿಲ್ಲ! ಯಾಕೆಂದರೆ ಜೇನುನೊಣ ಬೇರೆ ಯಾವುದೋ ಮರದ ಪರಾಗ ತಂದಿರುತ್ತದೆ. ಮಗು ಅಮ್ಮನ ಹಾಗೇ ಇರುತ್ತದೆಯೇ? ಅದಕ್ಕೇ ಸೇಬು ಬೆಳೆಯುವವರು ಕಸಿ ಕಟ್ಟುತ್ತಾರೆ. ರೆಡ್ ಡೆಲಿಷಸ್ ಎಂಬ ಸೇಬು ಅಮೆರಿಕದ ಅಯೋವಾದಲ್ಲಿ ಒಬ್ಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಒಂದೇ ಒಂದು ಮರದ್ದು. ಅವನು ಕಡಿದರೂ ಮತ್ತೆ ಚಿಗುರಿತಂತೆ. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬುವರು 1916ರ ಸುಮಾರಿಗೆ ಆ ಜಾತಿಯ ಸಸಿಗಳನ್ನು ತರಿಸಿ ಹಿಮಾಚಲದ ಕೋಟ್‌ಗಢದಲ್ಲಿ ಬೆಳೆಸಿದರು. ಆ ಒಂದು ಮರದಿಂದ ಯಾರೂ ಕಡ್ಡಿ ತೆಗೆಯದೇ ಇದ್ದಿದ್ದರೆ ಆ ಹಣ್ಣೇ ಇರುತ್ತಿರಲಿಲ್ಲ.

ಇದನ್ನು ಕೇಳಿದ ದಿನ ಮನೆಗೆ ಹೋಗುವಾಗ ನನಗೆ ಹಳ್ಳದ ದಂಡೆಯ ಜೀರಿಗೆ ಮಿಡಿಮರ ನೆನಪಾಯಿತು. ಅದೂ ಒಂದೇ ಇರುವುದು.

ಆ ಮರದ ಮಿಡಿಯ ತೊಟ್ಟು ಮುರಿದರೆ ಸೊನೆ ಘಮ್ಮೆನ್ನುತ್ತದೆ. ನಮ್ಮ ಅಜ್ಜಿ ಅದರ ಉಪ್ಪಿನಕಾಯಿಯನ್ನು ಬೇರೆಯೇ ಭರಣಿಯಲ್ಲಿ ಹಾಕುತ್ತಾರೆ, ನೆಂಟರು ಬಂದರೆ ಮಾತ್ರ ಅದರ ಬಾಯಿ ಬಿಚ್ಚುವುದು. ಆದರೆ ಈಗ ಮರದ ಸ್ಥಿತಿ ಏನು? ಹಳ್ಳದ ನೀರು ಕೊರೆದು ಒಂದು ಬದಿಯ ಬೇರೆಲ್ಲ ಹೊರಗೆ ಕಾಣುತ್ತಿದೆ. ಈ ಸಲ ಮಿಡಿ ಕೊಯ್ಯಲು ಬಂದವರು ಹತ್ತುವುದಕ್ಕೆ ಬೇಜಾರಾಗಿ ಟೊಂಗೆಯನ್ನೇ ಕಡಿದು ಕೆಳಗೆ ಹಾಕಿದರು. ನಾನು ನೋಡಿದ್ದೇನೆ. ಮಿಡಿಗೆ ದುಡ್ಡು ಬರುತ್ತದೆ ನಿಜ, ಟೊಂಗೆ ಹೋದರೆ ಮುಂದಿನ ವರ್ಷ ಅವರೂ ಎಲ್ಲಿ ಕೊಯ್ಯುತ್ತಾರೆ?

"ಕಾಡುಮರಕ್ಕೆ ಕಸಿ ಯಾಕೆ, ವಾಟೆ ಬಿದ್ದಲ್ಲಿ ತಾನೇ ಹುಟ್ತದೆ ಬಿಡು" ಅಂತ ದೊಡ್ಡವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮಿಡಿಯನ್ನು ನಾವು ವಾಟೆ ಗಟ್ಟಿಯಾಗುವ ಮೊದಲೇ ಕೊಯ್ಯುತ್ತೇವಲ್ಲ, ಹಣ್ಣಾಗಲು ಬಿಟ್ಟರೆ ತಾನೇ ವಾಟೆ ಬೀಳುವುದು? ಒಂದೆರಡು ಬಿದ್ದು ಹುಟ್ಟಿದರೂ ಅದೇ ಜೀರಿಗೆ ವಾಸನೆ ಬರುತ್ತದೆ ಅಂತ ಯಾರು ಬರೆದುಕೊಡುತ್ತಾರೆ? ಅದು ಗೊತ್ತಾಗಲು ಎಂಟು ಹತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ನಮಗೆಲ್ಲ ಮದುವೆಯೇ ಆಗಿರುತ್ತದೆ!

ನಾನು ಹೋದ ಮಳೆಗಾಲದಲ್ಲಿ ಮಾವನ ಹತ್ತಿರ ಕಲಿತು ಆರು ಕಸಿ ಕಟ್ಟಿದೆ. ತಿಂದ ಕಾಟುಮಾವಿನ ವಾಟೆಗಳನ್ನು ಹಾಲಿನ ಪ್ಯಾಕೆಟ್ಟಿನಲ್ಲಿ ಹುಟ್ಟಿಸಿದ್ದೆ. ಎಲೆ ಇನ್ನೂ ತಾಮ್ರದ ಬಣ್ಣ ಇರುವಾಗಲೇ, ಅಂದರೆ ಹುಟ್ಟಿ ಹತ್ತು ಹದಿನೈದು ದಿನದೊಳಗೆ, ತಲೆ ಕತ್ತರಿಸಿ ನಡುವೆ ಸೀಳಬೇಕು. ಮಿಡಿಮರದ ಕುಡಿಯನ್ನು ಬೆಣೆಯ ಹಾಗೆ ಎರಡೂ ಕಡೆ ಕೆತ್ತಿ ಆ ಸೀಳಿಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಸಿಪ್ಪೆಗೆ ಸಿಪ್ಪೆ ಕೂಡಬೇಕು, ಅದೇ ಮುಖ್ಯ. ಮೇಲೆ ಐಸ್‌ಕ್ಯಾಂಡಿ ಕವರನ್ನು ಟೊಪ್ಪಿಯ ಹಾಗೆ ಹಾಕಿ ನೆರಳಲ್ಲಿಡುವುದು. ನನ್ನದು ಆರರಲ್ಲಿ ಎರಡು ಮಾತ್ರ ಉಳಿಯಿತು. ಎರಡಕ್ಕೆ ಕುಡಿ ಬೆಳಿಗ್ಗೆ ಕೊಯ್ದು ಚೀಲದಲ್ಲಿಟ್ಟು ಸಂಜೆ ಕಟ್ಟಿದ್ದೆ, ಒಣಗಿಹೋಯಿತು. ಇನ್ನೆರಡು ಸತ್ತಿದ್ದು ನಾನು ದಿನಾ ಟೊಪ್ಪಿ ತೆಗೆದು ಇಣುಕಿ ನೋಡಿದ್ದಕ್ಕೆ. (ಆಪಲ್‌ನ ಚಾಳಿ ಬಿಟ್ಟಿರಲಿಲ್ಲ.) ಉಳಿದ ಎರಡು ಈಗ ಎರಡು ಗೇಣು ಬೆಳೆದಿವೆ. ಎಲೆ ಮುರಿದು ಮೂಸಿದರೆ ಅದೇ ವಾಸನೆ!

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ಪ್ರತಿ ವರ್ಷ ವನಮಹೋತ್ಸವಕ್ಕೆ ಹೊರಗಿನಿಂದ ಸಸಿ ತಂದು ನೆಡುತ್ತೇವೆ. ಈ ವರ್ಷ ಶಾಲೆಯ ಹಿತ್ತಲಲ್ಲಿ ನಾವೇ ಕಟ್ಟಿದ ಮಿಡಿ ಕಸಿ ನೆಡೋಣ. ಮಕ್ಕಳ ಕೈಗೆ ಬ್ಲೇಡು ಕೊಡಬಾರದು ಎನ್ನುವವರಿದ್ದಾರೆ. ಮನೆಯಲ್ಲಿ ನಾವು ಹಲಸಿನಕಾಯಿ ಕೊಚ್ಚುತ್ತೇವೆ, ಅಡಿಕೆ ಸುಲಿಯುತ್ತೇವೆ, ಆಗ ಯಾರೂ ಬೇಡ ಅನ್ನುವುದಿಲ್ಲ.

ಕಟ್ಟುವ ಹತ್ತು ದಿನ ಮೊದಲೇ ಮರದ ಮೇಲಿರುವಾಗಲೇ ಕುಡಿಯ ಎಲೆ ಕತ್ತರಿಸಬೇಕು, ತೊಟ್ಟು ಬಿಡಬೇಕು. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಹಳ್ಳದ ಹತ್ತಿರ ಹೋಗುತ್ತೇನೆ. ಬರುವವರು ತೊಳೆದ ಹಾಲಿನ ಪ್ಯಾಕೆಟ್ ಮತ್ತು ಹುಟ್ಟಿದ ವಾಟೆ ಕೂಡಿಡಿ. ಮರ ಹತ್ತಲು ಬರುವ ಒಬ್ಬರಾದರೂ ಬೇಕು, ಕೈಗೆ ಸಿಗುವ ಟೊಂಗೆಗಳನ್ನೆಲ್ಲ ಅವರು ಕಡಿದುಹಾಕಿದ್ದಾರೆ.